ಆಗದವರ ದನಿ

ಹಂದರಗಿಯ ಮನೆಮನೆಗೂ ಆರೋಗ್ಯದ ಪೆಟ್ಟಿಗೆ ಬಂದಾಗ ಅಲ್ಲಿಯ ಜನ ಮೊದಲು ಮಾಡಿದ ಕೆಲಸ ಅದರೊಡನೆ ಜಗಳವಾಡಿದ್ದು. ಉಪ್ಪು ಕಡಿಮೆ ಮಾಡಿ ಎಂದು ಅದು ಹೇಳಿದರೆ, ನಿಮ್ಮ ಸರಕಾರದ ಸಾರಿನಾಗ ಉಪ್ಪು ಹಾಕೂದಿಲ್ಲೇನು ಎಂದು ಕೇಳಿದರು. ಎಳೆಗೂಸಿಗೆ ಎಮ್ಮೆ ಹಾಲು ಬೇಡ ಎಂದಾಗ ಒಬ್ಬ ಅಜ್ಜಿ, ನೀ ಎಷ್ಟು ಹಡದೀ ಎಂದು ಅದರ ಮೇಲೆ ಮಜ್ಜಿಗೆ ಸುರಿದಳು. ಪೆಟ್ಟಿಗೆ ಬೇಸರ ಮಾಡಿಕೊಳ್ಳಲಿಲ್ಲ. ಮರುದಿನ ಅದೇ ಮಾತನ್ನು ಬೇರೆ ಬಗೆಯಲ್ಲಿ ಹೇಳಿತು, ಅದರ ಮರುದಿನ ಇನ್ನೊಂದು ಬಗೆಯಲ್ಲಿ. ಕೇಳುವವರ ಮನಸ್ಸಿಗೆ ಮುಟ್ಟುವ ತನಕ ಅದು ಮಾತನ್ನು ಬದಲಿಸುತ್ತಲೇ ಇರುತ್ತಿತ್ತು.

ಮುಟ್ಟಿತೋ ಇಲ್ಲವೋ ಎಂಬುದು ಅದಕ್ಕೆ ತಿಳಿಯುತ್ತಿದ್ದುದು ಬಳೆಯಿಂದ. ಪೆಟ್ಟಿಗೆಯ ಜೊತೆಗೆ ಮನೆಯ ಪ್ರತಿಯೊಬ್ಬರ ಕೈಗೂ ತೆಳುವಾದ ಒಂದು ಬಳೆ ಕೊಟ್ಟಿದ್ದರು. ಹೆಂಗಸರು ಅದನ್ನು ‘ಸರಕಾರದ ಬಳಿ’ ಎಂದು ಕರೆದು, ಹಸಿರು ಗಾಜಿನ ಬಳೆಗಳ ನಡುವೆ ತೊಟ್ಟುಕೊಂಡಿದ್ದರು. ನಾಡಿಯ ಓಟ, ಚರ್ಮದ ಬೆವರು, ಉಸಿರಿನ ಏರಿಳಿತ ಎಲ್ಲವನ್ನೂ ಅದು ಪೆಟ್ಟಿಗೆಗೆ ತಿಳಿಸುತ್ತಿತ್ತು. ಒಂದು ಮಾತು ಕೇಳಿದಾಗ ನಾಡಿ ಏರಿ, ತಡವರಿಸಿ, ಆಮೇಲೆ ಮೆಲ್ಲಗೆ ಒಂದು ಹದಕ್ಕೆ ಬಂದು ನಿಂತರೆ ಆ ಮಾತು ಒಪ್ಪಿಗೆಯಾಯಿತು ಎಂದು ಲೆಕ್ಕ. ಆಗ ಜಿಲ್ಲಾ ಊರಿನ ತಿಳಿವಳಿಕೆ ಕೇಂದ್ರದ ಗೋಡೆಯ ಮೇಲೆ ಆ ಮನೆಯ ಚುಕ್ಕೆ ಕಿತ್ತಳೆ ಬಣ್ಣ ಬಿಟ್ಟು ಹಸಿರಾಗುತ್ತಿತ್ತು.

ಆ ಗೋಡೆಯ ಎದುರು ಕೂರುತ್ತಿದ್ದವಳು ನೀಲಾಂಬಿಕೆ. ಎಲ್ಲರ ಬಾಯಲ್ಲಿ ನೀಲಾ. ಕೇಂದ್ರದ ಭಾಷಾ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಸಂಶೋಧನೆ ಒಂದೇ ಆದರೂ ಕೇಳುವ ಕಿವಿ ಒಂದೇ ಅಲ್ಲ ಎಂಬುದು ಅವಳ ಕಸುಬಿನ ಮೊದಲ ಪಾಠ. ವೈದ್ಯರಿಗೆ ಅಂಕಿಸಂಖ್ಯೆ ಬೇಕು, ಮೆಣಸಿನಕಾಯಿಯ ಅಡತಿ ವರ್ತಕರಿಗೆ ಮಾಲು ಕೆಡುತ್ತದೋ ಉಳಿಯುತ್ತದೋ ಎಂಬ ಮಾತು ಬೇಕು, ಗೋದಾಮುಗಳಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಅವರದೇ ಮಾತು ಬೇಕು. ಆ ಕೊನೆಯ ಮಾತನ್ನು ಪೆಟ್ಟಿಗೆಗೆ ಕಲಿಸಿದವಳು ನೀಲಾ. ಹಂದರಗಿ ಅವಳು ಹುಟ್ಟಿದ ಊರು. ಎರಡು ಬೇಸಿಗೆ ಅವಳು ರೆಕಾರ್ಡರ್ ಹಿಡಿದು, ಕೆಂಪು ರಾಶಿಗಳ ನಡುವೆ ಸೀನುತ್ತ ಕೆಮ್ಮುತ್ತ ಕುಳಿತು, ಹೆಂಗಸರು ಒಬ್ಬರಿಗೊಬ್ಬರು ಸುದ್ದಿ ಹೇಳುವ ರೀತಿಯನ್ನು ಹಿಡಿದಿಟ್ಟಿದ್ದಳು. ಕೆಟ್ಟ ಸುದ್ದಿಯನ್ನು ಅವರು ಹೇಗೆ ಸುತ್ತಿ ಬಳಸಿ, ‘ಸ್ವಲ್ಪ’ ಎಂಬ ಮಾತಿನಿಂದ ಶುರು ಮಾಡಿ, ಮೊದಲು ನೀರು ಕುಡಿಸಿ ಆಮೇಲೆ ಹೇಳುತ್ತಾರೆ ಎಂಬುದನ್ನೆಲ್ಲ ಪೆಟ್ಟಿಗೆ ಅವಳಿಂದ ಕಲಿತಿತ್ತು. ಕೇಂದ್ರದಲ್ಲಿ ಅದಕ್ಕೆ ಮೆತ್ತಗಿನ ಹದ ಎಂದು ಹೆಸರಿಟ್ಟಿದ್ದರು.

ಆ ವರ್ಷದ ಸುಗ್ಗಿಯಲ್ಲಿ ದೊಡ್ಡ ಸಂಶೋಧನೆಯೊಂದು ಹೊರಬಂತು. ತಂಪು ಗೋದಾಮಿನಲ್ಲಿ ಬಹಳ ಕಾಲ ಇಟ್ಟ ಮೆಣಸಿನಕಾಯಿಯ ತೊಟ್ಟಿನ ಬುಡದಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ತೊಟ್ಟು ಮುರಿದಾಗ ಅದು ಧೂಳಾಗಿ ಉಸಿರಿನೊಡನೆ ಒಳಹೋಗಿ ಶ್ವಾಸಕೋಶದಲ್ಲಿ ಗಾಯ ಮಾಡುತ್ತದೆ. ಕೂಡಲೇ ಕೆಲಸ ಬಿಟ್ಟು ಗುಳಿಗೆ ನುಂಗಿದರೆ ಆ ಗಾಯ ಪೂರ್ತಿ ಮಾಯುತ್ತದೆ. ಮಳೆಗಾಲದ ತನಕ ಬಿಟ್ಟರೆ ಗಾಯ ಗಟ್ಟಿಯಾಗಿ, ಮುಂದೆ ಯಾವ ಔಷಧಕ್ಕೂ ಬಗ್ಗುವುದಿಲ್ಲ. ಪರೀಕ್ಷೆಯಲ್ಲಿ ಗಾಯ ಕಂಡ ಹೆಂಗಸರು ಊರಿನಲ್ಲಿ ಮನೆಗೊಬ್ಬರಂತೆ ಇದ್ದರು. ಅವರಲ್ಲಿ ನೀಲಾಳ ಅಕ್ಕ ಸಾವಂತ್ರೆವ್ವನೂ ಒಬ್ಬಳು.

ಪೆಟ್ಟಿಗೆಗಳು ಬೆಳಿಗ್ಗೆ ಸುದ್ದಿ ಹೇಳಿದವು. ಮಧ್ಯಾಹ್ನ ಊಟದ ಹೊತ್ತಿಗೆ ಗೋಡೆಯ ಮೇಲಿನ ಹಂದರಗಿ ಪೂರ್ತಿ ಹಸಿರಾಗಿತ್ತು.

ಪೆಟ್ಟಿಗೆಗಳನ್ನು ನಡೆಸುವ ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಇಮ್ತಿಯಾಜ್ ಖುಷಿಯಿಂದ ಎಲ್ಲರಿಗೂ ಚಹಾ ತರಿಸಿದ. ಉಪ್ಪಿನ ಸುದ್ದಿಗೆ ವಾರಗಟ್ಟಲೆ ಕಿತ್ತಳೆಯಾಗಿಯೇ ಉಳಿದಿದ್ದ ಊರು ಇದು, ನೀವು ಕಲಿಸಿದ ಹದ ಕೊನೆಗೂ ಕೂತಿತು ಎಂದು ನೀಲಾಳನ್ನು ಹೊಗಳಿದ. ನೀಲಾ ನಕ್ಕಳು. ಚಹಾದ ಲೋಟವನ್ನು ಬದಿಗಿಟ್ಟು ಮತ್ತೆ ಗೋಡೆಯತ್ತ ತಿರುಗಿದಳು. ಉಪ್ಪಿಗೆ ಅಷ್ಟು ಬೈದ ಜನ ಎದೆಯ ಗಾಯಕ್ಕೆ ಒಂದು ಮಾತೂ ಎದುರಾಡಲಿಲ್ಲ ಎಂಬುದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಆಡುತ್ತಿತ್ತು.

ಗಂಡ ತೀರಿಹೋದ ಮೇಲೆ ನೀಲಾ ಅಕ್ಕನ ಮನೆಯಲ್ಲೇ ಇದ್ದಳು. ಅಕ್ಕನೂ ವಿಧವೆ. ದುಡಿಯುವ ಅಗತ್ಯವೇನೂ ಈಗ ಇರಲಿಲ್ಲ, ಆದರೂ ಗೋದಾಮಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಅಲ್ಲಿ ಅವಳ ಮಂದಿ ಇದ್ದರು. ಕೈ ತೊಟ್ಟು ಮುರಿಯುತ್ತಿದ್ದರೆ ಬಾಯಿಗೆ ಹಾಡು, ನಗೆ, ಯಾರದೋ ಸೊಸೆಯ ಸುದ್ದಿ. ಮನೆಯ ಗೋಡೆಗಳ ನಡುವೆ ಸಿಗದ ಒಂದು ಹಗುರ ಅವಳಿಗೆ ಅಲ್ಲಿ ಸಿಗುತ್ತಿತ್ತು ಎಂಬುದು ನೀಲಾಳಿಗೆ ಗೊತ್ತಿತ್ತು.

ಅವತ್ತು ಸಂಜೆ ಸಾವಂತ್ರೆವ್ವ ಗೋದಾಮಿನಿಂದಲೇ ಬಂದಳು. ಪೆಟ್ಟಿಗೆ ಏನು ಹೇಳಿತು ಎಂದು ನೀಲಾ ಕೇಳಿದ್ದಕ್ಕೆ, ಎದೆಯಲ್ಲಿ ಸ್ವಲ್ಪ ಬೂಷ್ಟು ಕೂತಿದೆಯಂತೆ, ಗುಳಿಗೆ ತಗೊಂಡರೆ ಆರಾಮಾಗುತ್ತದಂತೆ ಎಂದು ಹೇಳಿ ಒಲೆ ಹಚ್ಚಿದಳು. ಮುಖ ಶಾಂತವಾಗಿತ್ತು. ಆಶಾ ಕಾರ್ಯಕರ್ತೆ ಕೊಟ್ಟು ಹೋಗಿದ್ದ ಗುಳಿಗೆಯ ಪೊಟ್ಟಣವನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ದಳು. ಬಿಚ್ಚಿರಲಿಲ್ಲ.

ಮರುದಿನವೂ ಅವಳು ಗೋದಾಮಿಗೆ ಹೋದಳು, ಎಂದಿಗಿಂತ ಬೇಗ. ಅದರ ಮರುದಿನವೂ. ನೀಲಾ ಗದರಿದರೆ, ಹಿಡಿದ ರಾಶಿ ಮುಗಿಸಿ ಬಿಡುತ್ತೇನೆ ಎನ್ನುತ್ತಿದ್ದಳು. ಸಂಜೆ ಬಂದು ಟ್ರಂಕು ತೆಗೆದು ಸೀರೆಗಳನ್ನು ವಿಂಗಡಿಸುವಳು. ಇದು ಚೊಲೋ ಐತಿ, ನೀ ಉಡು ಎಂದು ತನ್ನ ಇಳಕಲ್ ಸೀರೆಯನ್ನು ನೀಲಾಳ ತೊಡೆಯ ಮೇಲೆ ಇಟ್ಟಳು. ಓಣಿಯಲ್ಲಿ ಕಣ್ಣಾಡಿಸಿದರೆ ಎಲ್ಲ ಮನೆಗಳಲ್ಲೂ ಇಂಥದೇ ಏನೋ ನಡೆದಿತ್ತು. ಹೆಂಗಸರು ಕೌದಿ ಒಗೆದು ಒಣ ಹಾಕಿದ್ದರು. ಬರುವ ವರ್ಷ ಮಾಡೋಣ ಎಂದುಕೊಂಡಿದ್ದ ಮಗಳ ಮದುವೆಯನ್ನು ಒಬ್ಬಳು ಹದಿನೈದು ದಿನಕ್ಕೆ ಎಳೆದಿದ್ದಳು. ಮನೆಮನೆಯ ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಗಳು, ಒಂದು ವರ್ಷಕ್ಕೆ ಸಾಲುವಷ್ಟಲ್ಲ, ನಾಲ್ಕಾರು ವರ್ಷಕ್ಕೆ ಆಗುವಷ್ಟು. ಊರಿಗೆ ಊರೇ ಎಲ್ಲಿಗೋ ಹೊರಡುವ ತಯಾರಿಯಲ್ಲಿದ್ದಂತೆ ಕಾಣುತ್ತಿತ್ತು. ಯಾರ ಮುಖದಲ್ಲೂ ಅವಸರವಿರಲಿಲ್ಲ, ಅಳುವೂ ಇರಲಿಲ್ಲ.

ಸೀರೆಯನ್ನು ಹಿಂದಕ್ಕೆ ಸರಿಸಿ ನೀಲಾ ಅಕ್ಕನ ಕೈ ಹಿಡಿದುಕೊಂಡಳು. ಪೆಟ್ಟಿಗೆ ಹೇಳಿದ್ದನ್ನು ನೀನು ಏನೆಂದು ತಿಳಿದಿದ್ದೀ ಎಂದು ಕೇಳಿದಳು.

ಸಾವಂತ್ರೆವ್ವನಿಗೆ ನಗು ಬಂತು. “ನಮ್ಮೂರಾಗ ಯಾರರ ಪೂರಾ ಹೇಳ್ತಾರೇನು ನೀಲಾ? ಅಪ್ಪ ಹ್ವಾದಾಗ ನಿನ್ನ ಹಾಸ್ಟೆಲ್ಲಿಗೆ ಏನಂತ ಫೋನ್ ಮಾಡಿಸಿದ್ವಿ? ಸೀರಿಯಸ್ ಐತಿ, ಲಗೂನ ಬಾ ಅಂತ. ನೀ ಬಸ್ಸಿನಾಗ ಕುಂತು ದಾರಿತುಂಬ ಅಳಕೋತ ಬಂದಿ. ಸೀರಿಯಸ್ ಅಂದ್ರ ಏನಂತ ನಿನಗ ಯಾರು ಹೇಳಿಕೊಟ್ಟಿದ್ರು?”

ಸಾವಂತ್ರೆವ್ವ ಸೀರೆಯ ಮಡಿಕೆ ಸರಿಮಾಡುತ್ತ ಮುಂದುವರಿಸಿದಳು.

“ಸ್ವಲ್ಪ ಅಂದ್ರ ಭಾಳ. ಗುಳಿಗಿಂದ ಆರಾಮಾಗ್ತೈತಿ ಅಂದ್ರ, ಮನಿಗೆ ಕರಕೊಂಡು ಹೋಗ್ರಿ, ಬೇಕಾದ್ದು ತಿನಸ್ರಿ ಅಂತ ಡಾಕ್ಟರ್ ಅಂತಾರಲ್ಲ, ಹಂಗ. ಆ ಪೆಟ್ಟಿಗಿ ಚೊಲೋ ಹೇಳ್ತು ಬಿಡು. ನಮ್ಮ ಮಂದಿ ಹೇಳಿದಂಗ ಹೇಳ್ತು. ಅದಕ್ಕ ಒಂದೀಟೂ ಅಂಜಿಕಿ ಆಗಲಿಲ್ಲ.”

ಆ ಹದವನ್ನು ನೀಲಾ ಕಲಿಸಿದ್ದು ನಿಜ. ಹೇಳುವವರು ಅರ್ಧ ಹೇಳಿದರೆ ಉಳಿದರ್ಧವನ್ನು ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಅವಳು ಕಲಿಸಿರಲಿಲ್ಲ. ಅದು ಯಾವ ರೆಕಾರ್ಡಿನಲ್ಲೂ ಇರಲಿಲ್ಲ, ಏಕೆಂದರೆ ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಪೆಟ್ಟಿಗೆ ಹೇಳಿದ್ದು ಪೂರಾ ಸತ್ಯ. ಊರು ಅದನ್ನು ಅರ್ಧವೆಂದು ಕೇಳಿಸಿಕೊಂಡಿತ್ತು. ತಾವಿನ್ನು ಉಳಿಯುವುದಿಲ್ಲ ಎಂದು ತಿಳಿದು ಹೆಂಗಸರು ಸಮಾಧಾನವಾಗಿ, ಸಾಲುಸಾಲಾಗಿ, ಅದೇ ಧೂಳಿಗೆ ಹೋಗಿ ಕೂರುತ್ತಿದ್ದರು.

ಮರುದಿನ ಕೇಂದ್ರದಲ್ಲಿ ನೀಲಾ ಇದನ್ನು ಹೇಳಿದಾಗ ಇಮ್ತಿಯಾಜ್ ಹಸಿರು ಗೋಡೆಯತ್ತ ತಿರುಗಿದ.

“ಬಳಿಗೆ ಸಮಾಧಾನ ಗೊತ್ತಾಗ್ತೈತ್ರಿ ಮೇಡಂ,” ಎಂದ. “ಯಾತರ ಸಮಾಧಾನ ಅಂತ ಗೊತ್ತಾಗೂದಿಲ್ಲ.”

ಯಂತ್ರದ ಗುರಿಯನ್ನು ಬದಲಿಸಿದರು. ನಾಡಿ ಶಾಂತವಾದರೆ ಸಾಲದು, ಪೊಟ್ಟಣ ಬಿಚ್ಚಬೇಕು, ಗೋದಾಮಿಗೆ ಹೋಗುವುದು ತಪ್ಪಬೇಕು, ಆಗ ಮಾತ್ರ ಹಸಿರು ಎಂದು ಅದಕ್ಕೆ ತಿಳಿಸಿದರು. ಗೋಡೆ ಒಮ್ಮೆಲೇ ಕಿತ್ತಳೆಯಾಯಿತು. ಯಂತ್ರ ಹೊಸ ಮಾತು ಹುಡುಕತೊಡಗಿತು. ನೀವು ಸಾಯುವುದಿಲ್ಲ ಎಂದು ಬಿಡಿಸಿ ಹೇಳಿತು. ಕೇಳಿದವರು ಸೆರಗು ಬಾಯಿಗೆ ಒತ್ತಿಕೊಂಡರು; ಸಾಯದವರಿಗೆ ಯಾರಾದರೂ ಹಾಗೆ ಹೇಳುತ್ತಾರೆಯೇ? ಡಾಕ್ಟರರ ದನಿಯಲ್ಲಿ ಹೇಳಿತು, ಡಾಕ್ಟರು ಯಾವಾಗಲೂ ಹಾಗೇ ಹೇಳುವುದು ಎಂದರು. ಗಾಯ ಮಾಯುವ ಚಿತ್ರಗಳನ್ನು ಗೋಡೆಗೆ ಬಿಂಬಿಸಿ ತೋರಿಸಿತು, ನೋಡಿ, ಮಕ್ಕಳಿಗೆ ಚಂದ ಅದಾವು ಅಂದರು. ಮಗನ ದನಿ, ತವರಿನ ಅಣ್ಣನ ದನಿ ಎಲ್ಲವೂ ಆಯಿತು. ಪ್ರೀತಿಯ ದನಿ ಹೆಚ್ಚಿದಷ್ಟೂ ಅನುಮಾನ ಹೆಚ್ಚಿತು. ಪ್ರೀತಿಸುವವರು ಸುಳ್ಳು ಹೇಳುತ್ತಾರೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ನೀಲಾ ಯಂತ್ರವನ್ನು ಬಿಟ್ಟು ತಾನೇ ಹೇಳಿದಳು. ಶ್ವಾಸಕೋಶದ ಚಿತ್ರ ಬರೆದು ತೋರಿಸಿದಳು, ತೀರಿಹೋದ ತಾಯಿಯ ಮೇಲೆ ಆಣೆ ಇಟ್ಟಳು, ಕೊನೆಗೆ ಅತ್ತಳು. ಅತ್ತದ್ದು ದೊಡ್ಡ ತಪ್ಪಾಯಿತು. ಸಾವಂತ್ರೆವ್ವ ಅವಳ ತಲೆ ನೇವರಿಸಿ, ನೀನು ಹೀಗೆ ಹೇಳದೆ ಮತ್ತೆ ಯಾರು ಹೇಳಬೇಕವ್ವಾ ಎಂದಳು. ಆ ವಾರದಿಂದ ಅವಳ ಕೆಮ್ಮಿನ ಸದ್ದು ಬದಲಾಗಿತ್ತು. ಬಾವಿಯಲ್ಲಿ ಕೊಡ ಬಡಿದಂತೆ, ಆಳದಿಂದ. ಮೋಡ ಕಟ್ಟುವ ದಿನಗಳು ಹತ್ತಿರವಾಗುತ್ತಿದ್ದವು.

ಸಾವಂತ್ರೆವ್ವನ ಮನೆಗೂ ಅವಳ ನೆಗೆಣ್ಣಿ ದ್ಯಾಮವ್ವನ ಮನೆಗೂ ನಡುವೆ ಒಂದೇ ಗೋಡೆ. ಮೈದುನನ ಹೆಂಡತಿಯಾದ ಈ ದ್ಯಾಮವ್ವ ಮುಂಬಯಿಯ ಗಿರಣಿ ಚಾಳಿನಲ್ಲಿ ಬೆಳೆದು ಬಂದವಳು. ಅತ್ತೆ ತೀರಿಕೊಂಡಾಗ ತವರಿಗೆ ಹೋಗಿದ್ದ ಅವಳಿಗೂ ‘ಸೀರಿಯಸ್ ಐತಿ’ ಎಂದೇ ಹೇಳಿ ಕಳಿಸಿದ್ದರು. ಅವಳಿಗೆ ಅದರ ಅರ್ಥ ತಿಳಿಯಲಿಲ್ಲ. ಮಾರನೆಯ ದಿನ ಮೂಸಂಬಿ ಚೀಲ ಹಿಡಿದುಕೊಂಡು ಬಸ್ಸಿಳಿದು ಬಂದರೆ ಮಣ್ಣು ಮುಗಿದು ಮನೆ ಸಾರಿಸಿಯಾಗಿತ್ತು. ಸತ್ತವಳಿಗೆ ಹಣ್ಣು ತಂದವಳು ಎಂದು ಊರು ನಕ್ಕಿತು. ಬೇಕೆಂದೇ ನನಗೆ ಅತ್ತೆಯ ಕೊನೆಯ ಮುಖ ತಪ್ಪಿಸಿದರು ಎಂದು ದ್ಯಾಮವ್ವ ಅಂದಿನಿಂದ ಸಾವಂತ್ರೆವ್ವನೊಡನೆ ಮಾತು ಬಿಟ್ಟಿದ್ದಳು. ಏನಾದರೂ ಅನ್ನಬೇಕಿದ್ದರೆ ಅವಳು ಹಿತ್ತಿಲಿನ ಎಮ್ಮೆಗೆ ಅನ್ನುತ್ತಿದ್ದಳು. ಸಾವಂತ್ರೆವ್ವ ಉತ್ತರವನ್ನು ಒಲೆಗೆ ಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಸಾವಂತ್ರೆವ್ವ ಹಿತ್ತಿಲಲ್ಲಿ ಕೆಮ್ಮುತ್ತ ಕುಳಿತಿದ್ದಾಗ ಗೋಡೆಯಾಚೆಯಿಂದ ಎಮ್ಮೆಗೆ ಮಾತು ಬಂತು.

“ನೋಡಬೇ ಎಮ್ಮಿ, ಹೆಣದಂಗ ಮಾರಿ ಮಾಡಕೊಂಡು ಕುಂತಾಳ ನೋಡು. ಸಾಯಂಗಿದ್ರ ನಾನ ಊರಿಗೆಲ್ಲ ಸಕ್ಕರಿ ಹಂಚತಿದ್ದೆ. ಎಲ್ಲಿ ಸಾಯ್ತಾಳ ಇಕಿ? ಎರಡು ಗುಳಿಗಿ ನುಂಗಿ ನೆಟ್ಟಗ ಮನ್ಯಾಗ ಬಿದ್ರ ಹೋಗೂ ಬ್ಯಾನಿ ಅದು. ಇನ್ನೂ ಇಪ್ಪತ್ತು ವರ್ಷ ನನ್ನ ಎದಿ ಮ್ಯಾಲ ಕುಂದರ್ತಾಳ ಇಕಿ. ನನ್ನ ನಸೀಬನ ಹಂಗ.”

ನೀಲಾ ಅಕ್ಕನ ಮುಖವನ್ನು ನೋಡಿದಳು. ವಾರಗಳಿಂದ ಬೂದಿ ಮುಚ್ಚಿದಂತಿದ್ದ ಮುಖ ಕೆಂಪಾಯಿತು, ಮೂಗಿನ ಹೊಳ್ಳೆಗಳು ಅರಳಿದವು. ಸಾವಂತ್ರೆವ್ವ ಎದ್ದಳು. ನೆಟ್ಟಗೆ ದೇವರ ಮುಂದೆ ಹೋಗಿ ಪೊಟ್ಟಣ ಹರಿದು, ನೀರಿಗೂ ಕಾಯದೆ ಒಂದು ಗುಳಿಗೆ ನುಂಗಿದಳು. ಇಪ್ಪತ್ತಲ್ಲ, ಮೂವತ್ತು ವರ್ಷ ಕೂತೇನು ಎಂದು ಒಲೆಗೆ ಹೇಳಿದಳು. ಅಂದು ಅವಳು ಗೋದಾಮಿಗೆ ಹೋಗಲಿಲ್ಲ. ಮತ್ತೆಂದೂ ಹೋಗಲಿಲ್ಲ.

ದ್ಯಾಮವ್ವನ ಮಾತು ಯಾಕೆ ನಾಟಿತು ಎಂದು ನೀಲಾಳಿಗೆ ಆ ಕ್ಷಣವೇ ಹೊಳೆಯಿತು. ಅಕ್ಕನನ್ನು ನೋಯಿಸಬಾರದು ಎಂಬ ಹಂಗಿಲ್ಲದವಳು ಇಡೀ ಊರಿನಲ್ಲಿ ಅವಳೊಬ್ಬಳೇ. ಸುಳ್ಳು ಹೇಳಿ ಸಮಾಧಾನ ಮಾಡುವ ಗರಜು ಆಗದವಳಿಗೆ ಇರುವುದಿಲ್ಲ. ನೀಲಾ ಸಂತೋಷದಿಂದ ಅತ್ತೇಬಿಟ್ಟಳು. ಪೆಟ್ಟಿಗೆಯೂ ದೇವರ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿತ್ತು ಎಂಬುದು ಆಗ ಅವಳ ತಲೆಗೆ ಬರಲಿಲ್ಲ.

ಕೇಂದ್ರಕ್ಕೆ ಹೋದಾಗ ಕಿತ್ತಳೆ ಗೋಡೆಯ ನಡುವೆ ಒಂದೇ ಒಂದು ಹಸಿರು ಚುಕ್ಕೆ ಇತ್ತು. ಪರದೆಯ ಮೇಲೆ ಯಂತ್ರದ ಬಿನ್ನಹ ಬಂದು ನಿಂತಿತ್ತು. ಮೆತ್ತಗಿನ ಹದಕ್ಕೆ ಈ ಊರಿನಲ್ಲಿ ನಂಬಿಕೆ ಇಲ್ಲ, ತಮ್ಮ ನೋವಿನ ಹಂಗಿಲ್ಲದವರ ಮಾತನ್ನು ಇವರು ನಂಬುತ್ತಾರೆ, ಅಂಥವರ ದನಿಯಲ್ಲಿ ಹೇಳಲು ಭಾಷಾ ವಿಭಾಗದ ಒಪ್ಪಿಗೆ ಬೇಕು ಎಂದು ಅದರಲ್ಲಿತ್ತು. ಕೆಳಗೆ ಹಂದರಗಿಯ ನಕ್ಷೆ. ಮನೆಯಿಂದ ಮನೆಗೆ ಕೆಂಪು ಎಳೆಗಳು, ಜೇಡ ನೇಯ್ದಂತೆ. ಕೆಲವು ಎಳೆಗಳು ಓಣಿ ದಾಟಿ ಹೋಗಿದ್ದವು. ಎಷ್ಟೋ ಎಳೆಗಳು ಒಂದೇ ಮನೆಯೊಳಗೆ ಹುಟ್ಟಿ ಅಲ್ಲೇ ಮುಗಿದಿದ್ದವು.

ಇದು ಯಾವಾಗ ತಯಾರಾಯಿತು ಎಂದು ನೀಲಾ ಕೇಳಿದಳು. ಮೊದಲ ದಿನದಿಂದಲೂ ಆಗುತ್ತಲೇ ಇತ್ತು ಎಂದ ಇಮ್ತಿಯಾಜ್. ಯಾರ ಹೆಸರು ಕಿವಿಗೆ ಬಿದ್ದರೆ ಯಾರ ನಾಡಿ ಹಾರುತ್ತದೆ ಎಂಬುದನ್ನು ಬಳೆ ಬರೆದಿಟ್ಟುಕೊಳ್ಳುತ್ತ ಬಂದಿತ್ತು. ಅದು ಬೇಕಾಗುತ್ತದೆ ಎಂದು ಯಾರಿಗೂ ತೋಚಿರಲಿಲ್ಲ, ಅಷ್ಟೇ.

“ಅದು ಸುಳ್ಳ ಸುಳ್ಳ ಜಗಳ ಹುಟ್ಟಿಸಿದ್ರ?” ನೀಲಾ ಕೇಳಿದಳು.

“ಇಲ್ಲದ್ದು ಹುಟ್ಟಸೂದಿಲ್ರಿ ಮೇಡಂ. ಇದ್ದದ್ದಕ್ಕ ಬಾಯಿ ಕೊಡ್ತೈತಿ.”

ಸಂಶೋಧನೆ ಮಾಡಿದ ವೈದ್ಯೆಗೆ ಫೋನ್ ಮಾಡಿ ನೋಡಿದಳು. ಮಳೆ ಹಿಡಿಯುವುದಕ್ಕೆ ಮುಂಚೆ ಶುರು ಮಾಡದಿದ್ದರೆ ಯಾರೂ ಏನೂ ಮಾಡುವಂತಿಲ್ಲ ಎಂದು ಆಕೆ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದರು. ಕಿಟಕಿಯಾಚೆ ಪಡುವಣದಲ್ಲಿ ಮೋಡ ಕಪ್ಪಗಿತ್ತು. ತನ್ನ ಅಕ್ಕ ಉಳಿದಳು, ಉಳಿದವರ ಅಕ್ಕಂದಿರು? ಒಂದು ಕಟು ಮಾತಿನಿಂದ ಜೀವ ಉಳಿಯುವುದಾದರೆ ಆ ಮಾತು ಆಡದಿರುವುದು ಯಾವ ನ್ಯಾಯ? ಇದೊಂದು ಸಲ, ಈ ರೋಗದ ಮಟ್ಟಿಗೆ, ಎಂದು ಹೇಳಿ ನೀಲಾ ಒಪ್ಪಿಗೆ ಒತ್ತಿದಳು. ಇದೊಂದು ಸಲ ಎಂಬುದನ್ನು ಯಂತ್ರಕ್ಕೆ ಹೇಗೆ ಬರೆಯಬೇಕು ಎಂದು ಇಮ್ತಿಯಾಜ್ ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಮೊದಲ ಮಳೆಯ ಹೊತ್ತಿಗೆ ಗೋದಾಮುಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪೊಟ್ಟಣಗಳು ಬಿಚ್ಚಿದ್ದವು. ಎದುರು ಅಂಗಡಿಯವನ ದನಿಯಲ್ಲಿ ಸುದ್ದಿ ಕೇಳಿದ ವರ್ತಕರು ಸಹ ಹಳೆಯ ಮಾಲನ್ನು ಊರಾಚೆ ಸುಟ್ಟರು. ಮರುಪರೀಕ್ಷೆಯಲ್ಲಿ ಶ್ವಾಸಕೋಶಗಳು ತಿಳಿಯಾಗುತ್ತ ಬಂದಿದ್ದವು. ಈ ಸಲದ ಹಸಿರಿನಲ್ಲಿ ಯಾವ ಮೋಸವೂ ಇರಲಿಲ್ಲ.

ಊರು ಮಾತ್ರ ಸದ್ದಿಲ್ಲದಾಯಿತು. ಮೊದಲು ನೀಲಾಳಿಗೆ ಅದು ಮಳೆಯ ಮಂಕು ಅನ್ನಿಸಿತು. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ನಳದ ಹತ್ತಿರ ಹೆಂಗಸರು ಕೊಡಗಳನ್ನು ದೂರದೂರ ಇಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಗೋಡೆಯ ಮೇಲಿಂದ ಕರಿಬೇವಿನ ಎಲೆ ದಾಟುತ್ತಿರಲಿಲ್ಲ. ಶುಕ್ರವಾರ ಅರಿಷಿಣ ಕುಂಕುಮಕ್ಕೆ ಕರೆಯಲು ಬಂದವರ ಎದುರು ಬಾಗಿಲು ಅರ್ಧವಷ್ಟೇ ತೆರೆಯುತ್ತಿತ್ತು. ದಿನಾ ಬೆಳಿಗ್ಗೆ, ಗುಳಿಗೆಯ ಹೊತ್ತಿಗೆ, ಪ್ರತಿ ಮನೆಯಲ್ಲೂ ಆಗದವರೊಬ್ಬರ ದನಿ ಬಂದು ಚುಚ್ಚಿ ಹೋಗುತ್ತಿತ್ತು. ಆಗದವರೇ ಇಲ್ಲದ ಮನೆಗಳಿದ್ದವಲ್ಲ, ಅಲ್ಲಿ ಸೊಸೆಗೆ ಅತ್ತೆಯ ದನಿ, ಹೆಂಡತಿಗೆ ಗಂಡನ ದನಿ, ಒಬ್ಬ ತಾಯಿಗೆ ಮಗಳ ದನಿ. ಆಡಿದ್ದು ಪೆಟ್ಟಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಅದನ್ನು ತಿಪ್ಪೆಗೆ ಎಸೆಯಲಿಲ್ಲ. ತಮಗೆ ಖರೆ ಹೇಳುವುದು ಅದೊಂದೇ ಎಂಬ ನಂಬಿಕೆ ಬಂದುಬಿಟ್ಟಿತ್ತು. ಜೀವ ಉಳಿಸಿದ ದನಿಯನ್ನು ಸುಳ್ಳು ಎನ್ನುವುದಾದರೂ ಹೇಗೆ?

ದ್ಯಾಮವ್ವ ಒಬ್ಬಳು ಮಾತ್ರ, ತನ್ನ ದನಿ ಗೋಡೆಯಾಚೆ ದಿನಾ ಬೈಯುವುದನ್ನು ತಡೆದುಕೊಳ್ಳಲಿಲ್ಲ. ಒಂದು ದಿನ ನೆಟ್ಟಗೆ ಒಳಗೆ ಬಂದು ನಡುಮನೆಯಲ್ಲಿ ನಿಂತು, ಎಮ್ಮೆಯನ್ನು ನಡುವೆ ತರದೆ ಸಾವಂತ್ರೆವ್ವನಿಗೇ ಹೇಳಿದಳು.

“ಅವತ್ತ ಗ್ವಾಡಿ ಆಚೆ ಅಂದದ್ದಷ್ಟ ನಂದು. ದಿನಾ ಬರೂದು ನಂದಲ್ಲ. ಅಷ್ಟು ಬೈಯಾಕ ನನಗ ಪುರಸೊತ್ತರ ಎಲ್ಲೈತಿ?”

ಸಾವಂತ್ರೆವ್ವ ನಕ್ಕುಬಿಟ್ಟಳು. ಎಷ್ಟೋ ವರ್ಷಗಳ ಗಂಟು ಅಂದು ಬಿಚ್ಚಿತು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಅತ್ತೆಯ ಸುದ್ದಿ ಆಡಿಕೊಂಡರು. ಒಂದಾದರೂ ಒಳ್ಳೆಯದಾಯಿತು ಎಂದು ನೀಲಾ ಮನಸ್ಸು ಹಗುರ ಮಾಡಿಕೊಂಡಳು. ಆದರೆ ಆಗಿನಿಂದಲೇ ಅಕ್ಕ ತನ್ನೊಡನೆ ಮಾತು ಕಡಿಮೆ ಮಾಡಿದ್ದಳು. ರೊಟ್ಟಿ ಬಡಿದು ಮುಚ್ಚಿಟ್ಟು ಮಲಗುವಳು. ನೀಲಾ ಬಸ್ಸಿಗೆ ಹೊರಟರೆ ಬಾಗಿಲ ತನಕ ಬರುತ್ತಿರಲಿಲ್ಲ. ಗುಳಿಗೆಯ ಉಷ್ಣ ಇರಬೇಕು ಎಂದು ನೀಲಾ ಮಜ್ಜಿಗೆ ಮಾಡಿ ಕೊಟ್ಟಳು. ಅಕ್ಕ ಅದನ್ನು ಕುಡಿದು ಲೋಟ ತೊಳೆದಿಟ್ಟಳು.

ರಾಜಧಾನಿಯಿಂದ ನಿರ್ದೇಶಕರು ಪರದೆಯ ಮೇಲೆ ಬಂದು ಕೇಂದ್ರವನ್ನು ಅಭಿನಂದಿಸಿದರು. ಹಂದರಗಿಯ ಹದವನ್ನು ಮುಂದಿನ ವರ್ಷ ಎಲ್ಲ ಜಿಲ್ಲೆಗಳಿಗೂ, ಎಲ್ಲ ರೋಗಗಳಿಗೂ ಬಳಸುವುದೆಂದು ತಿಳಿಸಿದರು. ಇದೊಂದು ಸಲ ಎಂದಿತ್ತು ಎಂದು ನೀಲಾ ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ಇಮ್ತಿಯಾಜ್ ಚಪ್ಪಾಳೆ ತಟ್ಟಲಿಲ್ಲ. ಅವನ ಮನೆಯಲ್ಲೂ ಪೆಟ್ಟಿಗೆ ಇತ್ತು, ಹೆಂಡತಿ ತವರಿಗೆ ಹೋಗಿ ವಾರವಾಗಿತ್ತು ಎಂದು ಆಮೇಲೆ ಯಾರೋ ಹೇಳಿದರು.

ಆ ಹೊತ್ತಿಗೆ ಸಂಶೋಧಕರು ಇನ್ನೊಂದು ಸಂಗತಿ ಕಂಡುಕೊಂಡಿದ್ದರು. ಚಿಕ್ಕಂದಿನಲ್ಲಿ ತಾಯಂದಿರ, ಅಕ್ಕಂದಿರ ಪಕ್ಕ ಗೋದಾಮಿನಲ್ಲಿ ಕುಳಿತವರಲ್ಲೂ ಆ ಬೂಷ್ಟು ಸದ್ದಿಲ್ಲದೆ ಉಳಿದಿರಬಹುದು, ಅದು ಗಾಯ ಮಾಡುವ ಮೊದಲು ಅದೇ ಗುಳಿಗೆ ನುಂಗಿದರೆ ಹೋಗುತ್ತದೆ ಎಂದು. ನೀಲಾ ಪರೀಕ್ಷೆ ಮಾಡಿಸಿಕೊಂಡಳು. ಫಲಿತಾಂಶವನ್ನು ಕೇಂದ್ರದಲ್ಲಿ ಓದುವ ಹಾಗಿರಲಿಲ್ಲ. ಯಾರದೇ ಇರಲಿ, ಅದು ಮನೆಯ ಪೆಟ್ಟಿಗೆಗೇ ಹೋಗಬೇಕು ಎಂಬುದು ಅವಳೇ ಮಾಡಿದ ನಿಯಮ.

ಭಾನುವಾರ ಬೆಳಿಗ್ಗೆ ಅವಳು ಸ್ನಾನ ಮಾಡಿ ಪೆಟ್ಟಿಗೆಯ ಮುಂದೆ ಕುಳಿತಳು. ಅಕ್ಕ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಹರವಿ ಕಲ್ಲು ಆರಿಸುತ್ತಿದ್ದಳು. ತನಗೆ ಯಾರ ದನಿ ಬಂದೀತು ಎಂದು ನೀಲಾ ಲೆಕ್ಕ ಹಾಕಿದ್ದಳು. ತನ್ನ ಹುದ್ದೆಗೆ ಕಣ್ಣು ಹಾಕಿದ್ದ ಹಳೆಯ ಸಹೋದ್ಯೋಗಿಯೊಬ್ಬಳಿದ್ದಳು, ಗಂಡನ ಕಡೆಯ ನಾದಿನಿಯೊಬ್ಬಳಿದ್ದಳು. ಯಾರಾದರೂ ಇರಲಿ, ಯಂತ್ರದ ಆಟ ತನಗೆ ಗೊತ್ತು, ತಾಗುವುದಿಲ್ಲ ಎಂದುಕೊಂಡಿದ್ದಳು.

ಪೆಟ್ಟಿಗೆ ಅವಳ ಅಕ್ಕನ ದನಿಯಲ್ಲಿ ಮಾತಾಡಿತು.

“ನಿನಗೂ ಹತ್ತೈತಿ. ಸಣ್ಣಾಕಿದ್ದಾಗ ನನ್ನ ಬಾಜೂಕ ಕುಂತಿದ್ದಿಯಲ್ಲ, ಅವಾಗಿಂದು. ಸಾಯಂಗಿಲ್ಲ ನೀ, ಅಂಜಬ್ಯಾಡ. ನಿನ್ನ ಓದಸಾಕಂತ ನಾ ಸಾಲಿ ಬಿಟ್ಟು ಧೂಳಾಗ ಕುಂತೆ. ನೀ ಓದಿ, ನಮಗ ಬುದ್ಧಿ ಹೇಳೂದು ಕಲತು ಬಂದಿ. ನಾ ಕೆಮ್ಮೂದು ನಿನ್ನ ಆಫೀಸಿನ ಮಂದಿಗೆ ಕೇಳಬಾರ್ದಂತ ಫೋನ್ ಹಿಡಕೊಂಡು ಹೊರಗ ಹೋಗ್ತಿದ್ದಿ, ನನಗ ಗೊತ್ತಿಲ್ಲನ್ನಬ್ಯಾಡ. ನನ್ನ ಜೀವ ತೇದು ಮಾಡಿದ ಜೀವ ನಿಂದು. ಪುಗಸಟ್ಟೆ ಹೋಗಾಕ ಬಿಡಂಗಿಲ್ಲ. ನುಂಗು.”

ನೀಲಾಳ ಕೈ ತಾನಾಗಿ ಪೆಟ್ಟಿಗೆಯ ಪಕ್ಕದಲ್ಲಿದ್ದ ಗುಳಿಗೆಯ ಪೊಟ್ಟಣದ ಕಡೆಗೆ ಹೋಯಿತು. ನಂಬಿಕೆ ಎಂಬುದು ಹೀಗೆ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತಲೆಯಿಂದಲ್ಲ, ಹೊಟ್ಟೆಯ ಕೆಳಗಿನಿಂದ, ನಾಚಿಕೆಯ ಜೊತೆಗೆ. ತನಗೆ ರೋಗವಿದೆ, ತಾನು ಸಾಯುವುದಿಲ್ಲ, ಈ ಎರಡರಲ್ಲೂ ಅವಳಿಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ತಿರುಗಿ ನೋಡಿದಳು. ಪಡಸಾಲೆಯಲ್ಲಿ ಅಕ್ಕನ ತುಟಿಗಳು ಮುಚ್ಚಿದ್ದವು. ಕೈ ಮಾತ್ರ ಮೊರದ ಮೇಲೆ ನಿಂತುಹೋಗಿತ್ತು.

“ಅಕ್ಕಾ,” ಎಂದಳು.

“ನನ್ನ ದನಿ ಬಂತೇನು?” ಸಾವಂತ್ರೆವ್ವ ತಲೆ ಎತ್ತದೆ ಕೇಳಿದಳು. “ಏನಂತು ಅಂತ ನಾ ಕೇಳಂಗಿಲ್ಲ. ದ್ಯಾಮವ್ವನ ಕೂಡ ಮಾತು ಹತ್ತಿದ ದಿನದಿಂದ ನನಗ ನಿನ್ನ ದನಿ ಬರಾಕತ್ತೈತಿ. ದಿನಾ ಮುಂಜಾನೆ, ನೀ ಇಲ್ಲದಾಗ. ನೀ ಏನಂದಿ ಅಂತ ನಾ ನಿನಗ ಎಂದರ ಹೇಳೇನೇನು?”

“ಅದು ನಾ ಅಲ್ಲ ಅಕ್ಕಾ.”

“ಗೊತ್ತೈತಿ. ಇದೂ ನಾ ಅಲ್ಲ.”

ಮಳೆ ಜೋರಾಯಿತು. ತನ್ನ ದನಿ ಅಕ್ಕನಿಗೆ ದಿನಾ ಏನು ಹೇಳಿರಬಹುದು ಎಂದು ನೀಲಾ ಯೋಚಿಸಿದಳು. ಯೋಚಿಸಬೇಕಾಗಿಯೂ ಇರಲಿಲ್ಲ. ಅಕ್ಕನ ಕೆಂಪು ಕಲೆಯ ಬೆರಳು, ಗೋದಾಮಿನ ವಾಸನೆ ಹೊತ್ತ ಸೀರೆ, ಮದುವೆಮನೆಗಳಲ್ಲಿ ತಾನು ನಾಚಿಕೊಂಡ ಅವಳ ಜೋರು ನಗು, ಋಣ ಎಂಬುದು ತೀರುವುದೇ ಇಲ್ಲವೇ ಎಂದು ಎಷ್ಟೋ ಸಲ ಹಲ್ಲು ಕಚ್ಚಿಕೊಂಡ ಹಗಲುಗಳು ಒಂದೊಂದಾಗಿ ನೆನಪಿಗೆ ಬಂದವು. ಯಾರಿಗೂ ಹೇಳದೆ, ತನಗೂ ಹೇಳಿಕೊಳ್ಳದೆ ಅವನ್ನು ಇಟ್ಟುಕೊಂಡಿದ್ದಳು. ಕೈಯ ಬಳೆ ಕೇಳಿಸಿಕೊಂಡಿತ್ತು. ಇಲ್ಲದ್ದನ್ನು ಅದು ಹುಟ್ಟಿಸುವುದಿಲ್ಲ. ಹಾಗಾದರೆ ಈಗ ಕೇಳಿದ್ದೂ ಇತ್ತು. ಇಬ್ಬರ ಎದೆಯಲ್ಲೂ ಇತ್ತು. ಆಡದೆ ಬಿಟ್ಟಿದ್ದರೆ ಇಬ್ಬರೂ ಅದನ್ನು ಹೊತ್ತುಕೊಂಡೇ, ಒಬ್ಬರ ತಲೆ ಒಬ್ಬರು ಬಾಚುತ್ತ, ಮುದುಕಿಯರಾಗುತ್ತಿದ್ದರು.

ಅಕ್ಕನ ಗುಳಿಗೆಯ ಹೊತ್ತೂ ಆಗಿತ್ತು. ಸಾವಂತ್ರೆವ್ವ ಮೊರ ಸರಿಸಿ ಎದ್ದು ಬಂದು, ಪೆಟ್ಟಿಗೆ ಬಾಯಿ ತೆರೆಯುವ ಮೊದಲೇ ತನ್ನ ಗುಳಿಗೆ ನುಂಗಿ ತಂಬಿಗೆ ಎತ್ತಿ ನೀರು ಕುಡಿದಳು. ನೀಲಾ ತನ್ನ ಗುಳಿಗೆಯನ್ನು ನಾಲಗೆಯ ಮೇಲೆ ಇಟ್ಟುಕೊಂಡು ಕೈ ಚಾಚಿದಳು. ಸಾವಂತ್ರೆವ್ವ ತಂಬಿಗೆಯನ್ನು ಆ ಕೈಗೆ ಕೊಡಲಿಲ್ಲ. ಬಗ್ಗಿ, ನೆಲದ ಮೇಲೆ ಇಟ್ಟು, ಅಕ್ಕಿಯ ಹತ್ತಿರ ಹೋಗಿ ಕುಳಿತಳು.